ಹಾಳೆ ತಟ್ಟೆ ಯಂತ್ರ: ನಾಲ್ಕು ಮಳೆಗಾಲ ಕಳೆದ ಮೇಲೆ

ಅಡಿಕೆ ಮರದಿಂದ ಉದುರುವ ಸೋಗೆಯ ಬುಡದ ಹಾಳೆಯನ್ನು ಒತ್ತಿ ಊಟದ ತಟ್ಟೆ ಮಾಡುವ ಈ ಯಂತ್ರ ಶಿರಸಿ ಹತ್ತಿರದ ನಮ್ಮ ಮನೆಗೆ ಬಂದದ್ದು 2022ರ ಮಾರ್ಚಿನಲ್ಲಿ. ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳು ದೇಶದಲ್ಲೆಲ್ಲ ಬಂದ್ ಆಗುವುದಿತ್ತು. ಇನ್ನು ಹಾಳೆ ತಟ್ಟೆಗೆ ಗಿರಾಕಿ ತಪ್ಪದು ಎಂದು ಸಾಲ ಮಾಡಿ ತಂದೆ. ಕಾಲಲ್ಲಿ ಒತ್ತುವ ಮಾದರಿ, ಎರಡು ಅಚ್ಚು.

ಒತ್ತುವ ಕೆಲಸದಲ್ಲಿ ಇದರ ಮೇಲೆ ನನ್ನ ದೂರಿಲ್ಲ. ಬೆಳಿಗ್ಗೆ ಚಹಾ ಕುಡಿದು, ನೆನೆಸಿ ತೊಳೆದ ಹಾಳೆಗಳನ್ನು ನೀರು ಬಸಿಯಲೆಂದು ಜಗಲಿ ಗೋಡೆಗೆ ಒರಗಿಸುತ್ತೇನೆ. ಆಯಿ ಒಂದೊಂದನ್ನೇ ಬಗ್ಗಿಸಿ ನೋಡಿ, "ಇದು ಆಗ್ತಿಲ್ಲೆ ತಮಾ, ಒಣಗಿ ಹೋಯ್ದು" ಎಂದು ಬದಿಗಿಡುತ್ತಾಳೆ. ಒದ್ದೆ ಹೆಚ್ಚಾದರೆ ತಟ್ಟೆ ಆಮೇಲೆ ಸೊಟ್ಟಗಾಗುತ್ತದೆ, ಕಡಿಮೆಯಾದರೆ ನಡುವೆ ಸೀಳುತ್ತದೆ. ಆ ಹದ ಅವಳ ಬೆರಳಿಗೆ ಗೊತ್ತು. ಬಿಸಿ ಅಚ್ಚು ಮುಚ್ಚಿದ ಕೂಡಲೇ ಸುಂಯ್ ಎಂದು ಹಬೆ ಏಳುತ್ತದೆ, ಜೊತೆಗೆ ಕಬ್ಬಿನ ಸಿಪ್ಪೆ ಬೆಚ್ಚಗಾದಂಥ ಪರಿಮಳ. ಅಂಟಿಲ್ಲ, ಬಣ್ಣವಿಲ್ಲ, ಕಾವು ಮತ್ತು ಒತ್ತಡ ಅಷ್ಟೇ. ಕತ್ತರಿಸಿ ಉಳಿದ ಅಂಚನ್ನು ಕೊಟ್ಟಿಗೆಗೆ ಒಯ್ದರೆ ನಮ್ಮ ಗೌರಿ ದೂರದಿಂದಲೇ ಕತ್ತು ಚಾಚುತ್ತಾಳೆ. ನನಗೆ ಇಡೀ ದಿನದಲ್ಲಿ ಹೆಚ್ಚು ಖುಷಿ ಕೊಡುವ ಗಳಿಗೆ ಅದು.

ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಮಾರಿದವರು "ವರ್ಷವಿಡೀ ಕೆಲಸ" ಅಂದಿದ್ದರು. ಮಲೆನಾಡಿನ ಮಳೆಯಲ್ಲಿ ಹಾಳೆಯನ್ನು ಎಲ್ಲಿ, ಹೇಗೆ ಇಡಬೇಕು ಎಂದು ಒಂದು ಮಾತೂ ಹೇಳಲಿಲ್ಲ. ಮೊದಲ ವರ್ಷ ಬೇಸಿಗೆಯಲ್ಲಿ ಆರಿಸಿ ತಂದ ಹಾಳೆಯನ್ನು ತಾಡಪಾಲಿನಡಿ ಒಟ್ಟಿದ್ದೆ. ಚೌತಿಯ ಊಟಕ್ಕೆ ತಟ್ಟೆ ಬೇಕೆಂದು ಕೇಳಿದವರಿಗೆ ಹೂಂ ಎಂದು ತೆಗೆದು ನೋಡಿದರೆ ಪೂರ್ತಿ ಬೂಷ್ಟು. ತೊಳೆದರೂ ಕಪ್ಪು ಚುಕ್ಕೆ ಹೋಗಲಿಲ್ಲ. 1,800 ಹಾಳೆ ಗೊಬ್ಬರದ ಗುಂಡಿ ಸೇರಿತು. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದ ತಟ್ಟೆಗಳೂ ಎಂಟೇ ದಿನಕ್ಕೆ ಹಾಗೇ ಆದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ವರ್ಷ ಬಚ್ಚಲ ಒಲೆಯ ಮೇಲೆ ಅಡಿಕೆ ದಬ್ಬೆಯ ಅಟ್ಟ ಕಟ್ಟಿದೆ. ಒಲೆಗೆ ಹೇಗೂ ಅಡಿಕೆ ಸಿಪ್ಪೆಯನ್ನೇ ಹಾಕುವುದು. ಮೊದಮೊದಲು ತಟ್ಟೆಗೆ ಹೊಗೆ ವಾಸನೆ ಹತ್ತಿತು. ಹೊಗೆ ಹೊರಗೆ ಹೋಗಲು ಕೊಳವೆ ಹಾಕಿದ ಮೇಲೆ ಬರೀ ಕಾವು ಉಳಿಯಿತು. ಅಲ್ಲಿಂದ ಮಳೆಗಾಲದಲ್ಲೂ ವಾರಕ್ಕೆ ಮೂರು ದಿನ ಒತ್ತುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಬಿದ್ದ, ನೀಲಿ ಕಲೆಯ ಹಾಳೆಯನ್ನು ಮಾತ್ರ ಯಂತ್ರಕ್ಕೆ ಹಾಕುವುದಿಲ್ಲ. ಅದು ತೋಟದಲ್ಲಿ ಮರದ ಬುಡಕ್ಕೆ.

2025ರಲ್ಲಿ ಇನ್ನೊಂದು ಪೆಟ್ಟು. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ಹಾನಿಕರ ರಾಸಾಯನಿಕ ಊಟಕ್ಕೆ ಸೇರಬಹುದೆಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆಯನ್ನು ಒಪ್ಪಲಿಲ್ಲ. ನನ್ನ ಮಾಲು ಅಷ್ಟು ದೂರ ಹೋಗುವುದಿಲ್ಲ, ಆದರೂ ಬಿಸಿ ಸಾರಿನ ಬಟ್ಟಲು ಒತ್ತುವುದನ್ನು ನಿಲ್ಲಿಸಿದೆ. ಆ ಅಚ್ಚಿನಲ್ಲಿ ಈಗ ಸಾಬೂನು ಮಾಡುವವರಿಗೆ ಪ್ಯಾಕಿಂಗ್ ತಟ್ಟೆ ಮಾಡಿಕೊಡುತ್ತಿದ್ದೇನೆ. ದರ ಕಡಿಮೆ, ಮನಸ್ಸಿಗೆ ನೆಮ್ಮದಿ.

ತಗೊಳ್ಳುವವರು ಯಂತ್ರದ ಬೆಲೆಯ ಜೊತೆ ಅಟ್ಟದ ಖರ್ಚನ್ನೂ ಲೆಕ್ಕ ಹಾಕಿ. ಸ್ವಂತ ತೋಟ, ಮನೆಯಲ್ಲಿ ಇಬ್ಬರ ಕೈ, ಒಣಗಿಸಲು ಬೆಚ್ಚಗಿನ ಜಾಗ ಇದ್ದರೆ ಧೈರ್ಯವಾಗಿ ತನ್ನಿ. ಹಾಳೆಯನ್ನೂ ಕೊಂಡೇ ತರುವುದಾದರೆ ನಮ್ಮ ದರಕ್ಕೆ ಸಾಲದ ಕಂತು ಹುಟ್ಟುವುದು ಕಷ್ಟ. ನನ್ನ ಸಾಲದ್ದು ಇನ್ನೂ ಏಳು ಕಂತು ಬಾಕಿ ಇದೆ. ಅಟ್ಟದ ಮೇಲೆ ಎರಡು ಸಾವಿರ ಹಾಳೆ ಒಣಗಿ ಕೂತಿದೆ.