40 ಪಟ್ಟು ಜೂಮ್, ಒಂದು ಕಿಂಡಿ, ಭಾವನ ಕ್ಯಾಮೆರಾ

ಭಾವ ಅಮೆರಿಕದಿಂದ ಬಂದರೆ ನಮ್ಮನೆಯಲ್ಲಿ ಒಂದು ಟ್ರಿಪ್ ಆಗಲೇಬೇಕು. ಈ ಸಲ ಮೈಸೂರಿನಿಂದ ಶ್ರವಣಬೆಳಗೊಳ, ಬೇಲೂರು, ವಾಪಸ್ ಬಂದಮೇಲೆ ಒಂದು ಬೆಳಗ್ಗೆ ರಂಗನತಿಟ್ಟು. ನನಗೆ ಜೇಬಿಗೆ ಹಿಡಿಸುವ ಜೂಮ್ ಕ್ಯಾಮೆರಾ ಒಂದು ಕೊಳ್ಳಬೇಕಿತ್ತು, ಯಾವುದು ಅಂತ ಈ ಟ್ರಿಪ್‌ನಲ್ಲೇ ನೋಡೋಣ ಅಂದುಕೊಂಡೆ. ಹೊರಡುವ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಮೂರು ಕ್ಯಾಮೆರಾ ಸಾಲಾಗಿ ಕೂತಿದ್ದವು.

ಒಂದು, ಆಫೀಸಿನ ಗೆಳೆಯನಿಂದ ಕಾಡಿಬೇಡಿ ತಂದ ಕ್ಯಾನನ್ ಎಸ್‌ಎಕ್ಸ್740 ಎಚ್‌ಎಸ್. ಇನ್ನೊಂದು, ಸೆಕೆಂಡ್ ಹ್ಯಾಂಡ್ ಅಂಗಡಿಯವರು ಮುಂಗಡ ಇಸ್ಕೊಂಡು "ನಾಲ್ಕು ದಿನ ಬಳಸಿ ನೋಡಿ ಸಾರ್" ಅಂತ ಕೊಟ್ಟ ಸೋನಿ ಎಚ್‌ಎಕ್ಸ್99. ಮೂರನೆಯದು ಭಾವನ ಸ್ವಂತದ್ದು, ಪ್ಯಾನಾಸೋನಿಕ್ ಟಿಝಡ್200. ಅಮೆರಿಕದಲ್ಲಿ ಇದೇ ಕ್ಯಾಮೆರಾಗೆ ಝಡ್‌ಎಸ್200 ಅಂತ ಹೆಸರು. ಮೂರೂ 2018ರಲ್ಲಿ ಮಾರುಕಟ್ಟೆಗೆ ಬಂದವು. ಆಮೇಲೆ ಜೇಬಿನ ಕ್ಯಾಮೆರಾಗಳ ಜಾಗವನ್ನು ಫೋನುಗಳು ತಿಂದುಹಾಕಿದವು ಅಲ್ವಾ? ಹಾಗಾಗಿ ಈಗಲೂ ಈ ಹಳೇ ಹುಲಿಗಳನ್ನೇ ಹುಡುಕಬೇಕು.

"ಫೋನ್ ಇಲ್ವೇನೋ ನಿನ್ನ ಹತ್ರ?" ಅಂದರು ಅಮ್ಮ. ಇದೆ. ಹೋದ ವರ್ಷ ರಂಗನತಿಟ್ಟಿಗೆ ಅದನ್ನೇ ಒಯ್ದಿದ್ದೆ. ಮನೆಗೆ ಬಂದು ನೋಡಿದರೆ ಮರದ ಮೇಲೆ ಯಾರೋ ಅಕ್ಕಿ ಚೆಲ್ಲಿದ ಹಾಗಿತ್ತು. ಕೊಕ್ಕರೆ ಅಂತ ನಾನೇ ಹೇಳಬೇಕಿತ್ತು.

ಮೊದಲ ಪರೀಕ್ಷೆ ತಾರಸಿಯಲ್ಲೇ ಆಯಿತು. ಜೂಮ್ ಕ್ಯಾಮೆರಾ ಕೈಗೆ ಬಂದರೆ ಎಲ್ಲರೂ ಮೊದಲು ಚಂದ್ರನ ಕಡೆಗೇ ತಿರುಗಿಸುತ್ತಾರೆ, ನಾನೂ ಹಾಗೇ. ಕ್ಯಾನನ್‌ನದು 40 ಪಟ್ಟು ಜೂಮ್, 24ರಿಂದ 960 ಎಂಎಂ. ಈ ಎಂಎಂ ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ. ಸೋನಿಯದು 30 ಪಟ್ಟು, 720ರವರೆಗೆ. ಪ್ಯಾನಾಸೋನಿಕ್ 15 ಪಟ್ಟು ಮಾತ್ರ, 360ಕ್ಕೆ ಮುಗೀತು. ಚೌಕಟ್ಟಿನ ಎತ್ತರದಲ್ಲಿ ಚಂದ್ರ ಕ್ಯಾನನ್‌ನಲ್ಲಿ ಮೂರರಲ್ಲೊಂದು ಪಾಲು ತುಂಬಿದ, ಸೋನಿಯಲ್ಲಿ ಕಾಲು ಭಾಗ, ಭಾವನದರಲ್ಲಿ ಏಳರಲ್ಲೊಂದು ಭಾಗ. ಕ್ಯಾನನ್‌ನಲ್ಲಿ ಕುಳಿಗಳು ಎಷ್ಟು ಚೆನ್ನಾಗಿ ಬಂದವು ಅಂದರೆ ಅಪ್ಪ ಅದನ್ನು ರಾತ್ರಿಯೇ ಸಂಬಂಧಿಕರ ಗುಂಪಿಗೆಲ್ಲ ಕಳಿಸಿಬಿಟ್ಟರು. ಭಾವ ಸ್ವಲ್ಪ ಸಪ್ಪಗಾದರು. ನಾನಂತೂ ಮನಸ್ಸಿನಲ್ಲೇ ಕ್ಯಾನನ್ ಕೊಂಡುಬಿಟ್ಟಿದ್ದೆ.

ಆದರೆ ಚಂದ್ರ ಅಲ್ಲಾಡುವುದಿಲ್ಲ, ಬೇಕಾದಷ್ಟು ಬೆಳಕಾಗಿರುತ್ತಾನೆ, ನಾನು ಕೈಯನ್ನು ಪ್ಯಾರಾಪೆಟ್ ಗೋಡೆಗೆ ಊರಿಕೊಂಡಿದ್ದೆ. ಪ್ರವಾಸದಲ್ಲಿ ಈ ಮೂರೂ ಸಿಗುವುದು ಅಪರೂಪ.

ಶ್ರವಣಬೆಳಗೊಳ ತಲುಪುವಾಗ ಹನ್ನೊಂದು ಗಂಟೆ. ಮೊದಲು ಚಿಕ್ಕಬೆಟ್ಟ ಹತ್ತಿದೆವು. ಅಲ್ಲಿಂದ ಎದುರಿನ ದೊಡ್ಡಬೆಟ್ಟದ ಮೇಲೆ, ಗೋಡೆಗಳ ಆಚೆ ಗೊಮ್ಮಟನ ಮುಖ ಇಣುಕುತ್ತದೆ. 40 ಪಟ್ಟು ಜೂಮ್ ಇರುವುದೇ ಇಂಥ ಜಾಗಕ್ಕೆ ಅಂದುಕೊಂಡು ಕ್ಯಾನನ್ ತೆಗೆದೆ. ಬಿಸಿಲು ನೆತ್ತಿಯ ಮೇಲಿತ್ತು. ಹಿಂದಿನ ಪರದೆಯಲ್ಲಿ ಕಂಡದ್ದು ಗೊಮ್ಮಟನಲ್ಲ, ನನ್ನದೇ ಮುಖ, ಕನ್ನಡಕ ಸಮೇತ. ಈ ಮಾದರಿಯಲ್ಲಿ ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಇಲ್ಲ. ಪರದೆ ನೋಡಬೇಕು ಅಂದರೆ ಕ್ಯಾಮೆರಾವನ್ನು ಕೈ ಚಾಚಿ ಹಿಡಿಯಬೇಕು. ಕೈ ಚಾಚಿ 960 ಎಂಎಂ ಹಿಡಿದರೆ ಏನಾಗುತ್ತೆ? ಗೊಮ್ಮಟನ ಕಿವಿ ಬಂತು, ಆಮೇಲೆ ಆಕಾಶ ಬಂತು, ಆಮೇಲೆ ಯಾವುದೋ ಗೋಡೆ. ಕ್ಯಾಮೆರಾದೊಳಗೆ ನಡುಕ ತಡೆಯುವ ವ್ಯವಸ್ಥೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನನ್ನ ಕೈ ಅದಕ್ಕೂ ಮೀರಿದ್ದು.

ಸೋನಿ ಎತ್ತಿಕೊಂಡೆ. ಅದರ ಎಡಬದಿಯಲ್ಲಿ ಒಂದು ಸಣ್ಣ ಗುಂಡಿ. ಸರಿಸಿದರೆ ಪುಟ್ಟ ಕಿಂಡಿಯೊಂದು ಟಪ್ ಅಂತ ಮೇಲೆದ್ದು ಬರುತ್ತದೆ. ಕ್ಯಾಮೆರಾ ಆಫ್ ಆಗಿದ್ದರೂ ಅಷ್ಟಕ್ಕೇ ಆನ್ ಆಗುತ್ತೆ. ಕಿಂಡಿ ನಿಜವಾಗಲೂ ಚಿಕ್ಕದು, ಒಳಗಿನ ಚಿತ್ರ ಹಳೇ ಟಿವಿಯಷ್ಟೇ ಸ್ಪಷ್ಟ. ಆದರೂ ಕಣ್ಣಿಗೆ ಒತ್ತಿಕೊಂಡ ಕೂಡಲೇ ಎರಡು ಕೆಲಸ ಆಯಿತು. ಬಿಸಿಲು ಮಾಯ. ಕ್ಯಾಮೆರಾ ಹುಬ್ಬಿಗೆ ಒರಗಿತು, ಮೊಣಕೈಗಳು ಪಕ್ಕೆಗೆ ಬಂದವು, ನಡುಕ ಅರ್ಧಕ್ಕರ್ಧ ನಿಂತಿತು. ಉಡುಪಿಯಲ್ಲಿ ಕನಕನ ಕಿಂಡಿಯ ಮುಂದೆ ನಿಂತಾಗ ಸುತ್ತಲಿನ ನೂಕುನುಗ್ಗಲು ಒಂದು ಕ್ಷಣ ಮರೆಯಾಗುತ್ತಲ್ಲ, ಸುಮಾರಾಗಿ ಹಾಗೆ. 720ರಲ್ಲಿ ಗೊಮ್ಮಟನ ತುಟಿಯಂಚಿನ ನಗು ಸಿಕ್ಕಿತು.

ಸಿಕ್ಕಿತು, ಆದರೆ ಚೂರು ಅಲುಗಿದ ಹಾಗೆ. ಈ ಸಲ ತಪ್ಪು ಕೈಯದಲ್ಲ, ಗಾಳಿಯದು. ಎರಡು ಬೆಟ್ಟಗಳ ನಡುವಿನ ಕಾದ ಗಾಳಿ ಕುದಿಯುವ ಪಾತ್ರೆಯ ಮೇಲಿನ ಹಬೆಯ ಹಾಗೆ ಕುಣಿಯುತ್ತದೆ. ದೂರದ ಕಲ್ಲಿನ ಗೆರೆಗಳೆಲ್ಲ ಅಲೆಯಾಗುತ್ತವೆ. ಜೂಮ್ ಹೆಚ್ಚಾದಷ್ಟೂ ಅಲೆಯೂ ದೊಡ್ಡದು. ಮಧ್ಯಾಹ್ನ ದೂರದ ಫೋಟೋಗೆ ಯಾವ ಕ್ಯಾಮೆರಾ ಆದರೂ ಒಂದೇ. ಬೆಳಗ್ಗೆ ಏಳಕ್ಕೆ ಬರಬೇಕಿತ್ತು, ಆದರೆ ಮನೆಯವರನ್ನೆಲ್ಲ ಹೊರಡಿಸಿಕೊಂಡು ಏಳಕ್ಕೆ ಎಲ್ಲಿಗಾದರೂ ತಲುಪಿದವರಿದ್ದರೆ ಹೇಳಿ.

ದೊಡ್ಡಬೆಟ್ಟವನ್ನು ಕಾಲುಚೀಲ ಹಾಕಿಕೊಂಡೇ ಹತ್ತಿದೆವು, ಬಂಡೆ ಅಷ್ಟು ಸುಡುತ್ತಿತ್ತು. ಅಲ್ಲಿ ಎದುರಿಗೆ ನಿಂತರೆ ಜೂಮ್‌ನ ಮಾತೇ ಇಲ್ಲ. 57 ಅಡಿ ಎತ್ತರದ ಮೂರ್ತಿ ಪಾದದಿಂದ ಗುಂಗುರು ಕೂದಲಿನವರೆಗೆ ಬರಬೇಕು ಅಂದರೆ 24 ಎಂಎಂ ಬೇಕು, ಅದು ಮೂರರಲ್ಲೂ ಇದೆ. ತೂಕದ ವಿಷಯ ಮಾತ್ರ ಮೆಟ್ಟಿಲ ಮೇಲೆ ಗೊತ್ತಾಯಿತು. ಸೋನಿ 242 ಗ್ರಾಂ, ಅಂಗಿ ಜೇಬಿನಲ್ಲಿ ಕೂತಿತ್ತು. ಕ್ಯಾನನ್ 299, ಪ್ಯಾನಾಸೋನಿಕ್ 340. ಕಾಗದದ ಮೇಲೆ ನೂರು ಗ್ರಾಂ ವ್ಯತ್ಯಾಸ ಏನೂ ಅಲ್ಲ. ಭಾವನ ಪ್ಯಾಂಟ್ ಜೇಬು ಮಾತ್ರ ಪ್ರತಿ ಮೆಟ್ಟಿಲಿಗೂ ತೊಡೆಗೆ ಬಡಿಯುತ್ತಿತ್ತು.

ಬೇಲೂರಿನಲ್ಲಿ ಆಟವೇ ಬದಲಾಯಿತು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನದ ಹೊರಗೆ, ಸೂರಿನ ಕೆಳಗೆ ಮದನಿಕೆಯರು ಮುಂದಕ್ಕೆ ಬಾಗಿ ನಿಂತಿದ್ದಾರೆ. ಬರಿಗಣ್ಣಿಗೆ ಚೆಲುವು ಕಾಣುತ್ತೆ, ಕುಸುರಿ ಕಾಣುವುದಿಲ್ಲ. ಒಬ್ಬ ಮದನಿಕೆಯ ತಲೆಯ ಮೇಲಿನ ಬಳ್ಳಿಯಲ್ಲಿ ಹಣ್ಣಿನ ಮೇಲೆ ಕೂತ ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ ಇದೆ ಅಂತ ಗೈಡ್ ಕೋಲು ಎತ್ತಿ ತೋರಿಸಿದರು. ಅಮ್ಮ "ಎಲ್ಲಿ, ಎಲ್ಲಿ" ಅಂತ ಕತ್ತು ನೋಯಿಸಿಕೊಂಡರು. ಭಾವ ಟಿಝಡ್200ರ ಕಿಂಡಿಗೆ ಕಣ್ಣಿಟ್ಟು ಒಂದು ಫೋಟೋ ಹೊಡೆದು, ಪರದೆಯಲ್ಲಿ ದೊಡ್ಡದು ಮಾಡಿ ಅಮ್ಮನ ಕೈಗೆ ಕೊಟ್ಟರು. ಹಲ್ಲಿಯ ಬಾಲದ ಬಾಗು, ನೊಣದ ರೆಕ್ಕೆ, ಬಳಪದ ಕಲ್ಲಿನ ಮೇಲೆ ಉಳಿಯ ಗೀರು. ಅಮ್ಮ ಆ ಕ್ಯಾಮೆರಾ ವಾಪಸ್ ಕೊಡಲು ಐದು ನಿಮಿಷ ತಗೊಂಡರು.

ಭಾವ ಆಗ ಬಳಸಿದ್ದು 250 ಎಂಎಂ ಕೂಡ ಇರಲಿಲ್ಲ. ದೇವಸ್ಥಾನದ ಸುತ್ತಲಿನ ಕಟ್ಟೆ, ಅಂದರೆ ಜಗತಿಯ ಮೇಲೆ ನಿಂತರೆ ಮದನಿಕೆಯರು ಇರುವುದು ನಾಲ್ಕೈದು ಆಳು ದೂರದಲ್ಲಿ. ಅಲ್ಲಿ 960 ಹಾಕಿದರೆ ನೊಣ ಮಾತ್ರ ಬರುತ್ತೆ, ಯಾವ ಮದನಿಕೆಯದು ಅಂತ ನಮಗೇ ಗೊತ್ತಾಗುವುದಿಲ್ಲ. ಆದರೂ ಮೂರರ ಫೋಟೋಗಳಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಸೂರಿನ ಕೆಳಗೆ ನೆರಳು. ಕ್ಯಾನನ್, ಸೋನಿ ಎರಡರಲ್ಲೂ ಬೆಳಕು ಹಿಡಿಯುವ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಒಂದು ತೊಗರಿಬೇಳೆಯಷ್ಟು. ಪ್ಯಾನಾಸೋನಿಕ್‌ನದು 13.2ಕ್ಕೆ 8.8, ಹುಣಸೆಬೀಜದಷ್ಟು. ಇದಕ್ಕೆ 'ಒಂದು ಇಂಚಿನ ಸೆನ್ಸರ್' ಅಂತ ಹೆಸರು, ನಿಜಕ್ಕೂ ಯಾವ ಕಡೆಯಿಂದ ಅಳೆದರೂ ಒಂದಿಂಚಿಲ್ಲ. ಆದರೆ ಬೇಳೆಗಿಂತ ನಾಲ್ಕು ಪಟ್ಟು ಜಾಗ ಇದೆ, ನಾಲ್ಕು ಪಟ್ಟು ಬೆಳಕು ಬೀಳುತ್ತೆ. ಸೆನ್ಸರ್ ದೊಡ್ಡದಾದಷ್ಟೂ ಉದ್ದ ಜೂಮ್‌ಗೆ ದೊಡ್ಡ ಗಾಜು ಬೇಕು, ಜೇಬಿಗೆ ಹಿಡಿಸುವುದಿಲ್ಲ. ಅದಕ್ಕೇ ಅದು 15 ಪಟ್ಟಿಗೆ ನಿಂತಿದೆ.

ನವರಂಗದೊಳಗೆ ಹೋದಮೇಲಂತೂ ಹೋಲಿಕೆಗೇ ಅರ್ಥ ಉಳಿಯಲಿಲ್ಲ. ಕತ್ತಲು, ಕಂಬಗಳು, ಗೈಡ್ ಬಿಡುವ ಟಾರ್ಚ್ ಬೆಳಕು. ಫ್ಲ್ಯಾಶ್ ಹಾಕಲಿಲ್ಲ. ಮೂರನ್ನೂ ಐಎಸ್‌ಒ 1600ಕ್ಕೆ ಇಟ್ಟು ಒಂದೇ ಕಂಬವನ್ನು ತೆಗೆದೆ. ಈ ಸಂಖ್ಯೆ ಏರಿಸಿದಷ್ಟೂ ಕತ್ತಲಲ್ಲೂ ಚಿತ್ರ ಬೆಳಗುತ್ತೆ, ಆದರೆ ಕುಸುರಿ ಮಸುಕಾಗುತ್ತೆ. ಬೇಳೆ ಸೆನ್ಸರ್‌ಗಳೆರಡರಲ್ಲಿ ಕೆತ್ತನೆಯ ಮೇಲೆ ತೆಳ್ಳಗೆ ಮೇಣ ಸವರಿದ ಹಾಗಿತ್ತು. ಹುಣಸೆಬೀಜದಲ್ಲಿ ಕಂಬದ ತಿರುಗಣಿ ಗೆರೆಗಳು ಒಂದೊಂದೂ ಎಣಿಸುವ ಹಾಗೆ ಉಳಿದವು. ನಿಜ ಹೇಳಬೇಕು ಅಂದರೆ ಇಲ್ಲಿ ಎರಡನೇ ಸ್ಥಾನ ನನ್ನ ಫೋನಿನದು. ಅದು ಒಂದರ ಮೇಲೊಂದು ಹತ್ತಾರು ಚಿತ್ರ ಸೇರಿಸಿ ಕತ್ತಲನ್ನು ಗೆಲ್ಲುತ್ತೆ. ದೇವಸ್ಥಾನದ ಒಳಗಿನ ಫೋಟೋಗೆ ಸಣ್ಣ ಸೆನ್ಸರ್‌ನ ಜೂಮ್ ಕ್ಯಾಮೆರಾ ಕೊಳ್ಳುವ ಅಗತ್ಯವೇ ಇಲ್ಲ.

ಅಪ್ಪನ ಮಂಡಿನೋವಿನ ದೆಸೆಯಿಂದ ಇನ್ನೊಂದು ವಿಷಯ ಗೊತ್ತಾಯಿತು. ಗೋಡೆಯ ಬುಡದಲ್ಲಿ ಆನೆಗಳ ಸಾಲಿದೆ, ನೆಲಕ್ಕೆ ಹತ್ತಿರ. ಕ್ಯಾನನ್ ಮತ್ತು ಸೋನಿಯ ಪರದೆಯನ್ನು ಮೇಲಕ್ಕೆ ಮಡಿಸಬಹುದು. ಅಪ್ಪ ಸೊಂಟ ಬಗ್ಗಿಸದೆ, ಕ್ಯಾಮೆರಾವನ್ನು ಮೊಣಕಾಲಿನ ಹತ್ತಿರ ಇಳಿಬಿಟ್ಟು, ಸುಮ್ನೆ ನಡೆಯುತ್ತಾ ಆನೆ ತೆಗೆದರು. ಟಿಝಡ್200ರ ಪರದೆ ಅಂಟಿಸಿದ ಹಾಗೆ, ಮಡಚುವುದಿಲ್ಲ. ಭಾವ ನೆಲಕ್ಕೆ ಕೂತರು.

ಇನ್ನು ರಂಗನತಿಟ್ಟು. ದೋಣಿಯಲ್ಲಿ ಎಂಟು ಜನ, ಹುಟ್ಟು ಹಾಕುವವರು ಮೊಸಳೆಯ ಪಕ್ಕಕ್ಕೇ ಒಯ್ದು ನಿಲ್ಲಿಸುತ್ತಾರೆ. ಬಣ್ಣದ ಕೊಕ್ಕರೆಗಳು ಗೂಡಿನಲ್ಲಿ ಮರಿಗಳಿಗೆ ಉಣಿಸುತ್ತಿದ್ದವು. ಇಲ್ಲಿ ಕ್ಯಾನನ್ ತನ್ನ 40 ಪಟ್ಟನ್ನು ತೋರಿಸಬೇಕಿತ್ತು, ಒಂದೆರಡು ಸಲ ತೋರಿಸಿತು ಕೂಡ. ದೂರದ ನಡುಗಡ್ಡೆಯಲ್ಲಿ ಒಂದು ಚಮಚದ ಕೊಕ್ಕಿನ ಹಕ್ಕಿ ರೆಕ್ಕೆ ಕೆದರಿಕೊಳ್ಳುತ್ತಿತ್ತು. ಬಿಸಿಲು ನೇರ ಅದರ ಮೇಲಿತ್ತು. 960ರಲ್ಲಿ ಕೊಕ್ಕಿನ ತುದಿಯ ಹಳದಿ ಕಲೆ ಕೂಡ ಬಂತು. ಉಳಿದೆರಡರಲ್ಲಿ ಆ ಫೋಟೋ ಸಾಧ್ಯವೇ ಇರಲಿಲ್ಲ. ಆದರೆ ಅದೊಂದಕ್ಕೆ ನಾನು ನಲವತ್ತು ಸಲ ಒತ್ತಿದ್ದೆ.

ತೊಂದರೆ ಎಲ್ಲಿ ಅಂದರೆ, ಕ್ಯಾನನ್‌ನಲ್ಲಿ ಪೂರ್ತಿ ಜೂಮ್ ಮಾಡಿದಾಗ ಲೆನ್ಸ್ ತೆರೆಯುವುದು ಎಫ್ 6.9ರಷ್ಟು. ಈ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ನೇರ ಬಿಸಿಲಲ್ಲಿ ಸಾಕು. ಹಕ್ಕಿ ಎಲೆಯ ನೆರಳಿಗೆ ಸರಿದರೆ ಬೆಳಕು ಹತ್ತರಲ್ಲೊಂದಾಗುತ್ತೆ. 960 ಎಂಎಂ ಕೈಯಲ್ಲಿ ಹಿಡಿದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ವೇಗ ಬೇಕು ಅನ್ನುವುದು ಹಳಬರ ಲೆಕ್ಕ. ನಡುಕ ತಡೆಯುವ ವ್ಯವಸ್ಥೆ ಅದನ್ನು ಎಷ್ಟೋ ಸಡಿಲಿಸುತ್ತೆ, ಆದರೆ ಅದು ತಡೆಯುವುದು ನನ್ನ ಕೈಯನ್ನು, ಕೊಕ್ಕರೆಯ ಕತ್ತನ್ನಲ್ಲ. ಆಗ ಐಎಸ್‌ಒ ಏರುತ್ತೆ, ಗರಿ ಗರಿಯಾಗಿ ಉಳಿಯುವುದಿಲ್ಲ. ಮೇಲಿಂದ ದೋಣಿ ಬೇರೆ ತೂಗುತ್ತಿರುತ್ತೆ. ಹಕ್ಕಿ ಚೌಕಟ್ಟಿನಿಂದ ತಪ್ಪಿದರೆ ಒಂದು ಗುಂಡಿ ಒತ್ತಿದ ತಕ್ಷಣ ಜೂಮ್ ಹಿಂದೆ ಸರಿದು, ಹುಡುಕಿಕೊಂಡ ಮೇಲೆ ಮತ್ತೆ ಮುಂದೆ ಹೋಗುವ ಸೌಲಭ್ಯ ಕ್ಯಾನನ್‌ನಲ್ಲಿದೆ. ಬಹಳ ಉಪಯೋಗದ ಗುಂಡಿ. ಅದಿಲ್ಲದಿದ್ದರೆ ಆ ಚಮಚದ ಕೊಕ್ಕೂ ಸಿಗುತ್ತಿರಲಿಲ್ಲ.

ದೋಣಿಯಲ್ಲಿ ಹೆಚ್ಚು ಚೆನ್ನಾಗಿ ಬಂದ ಫೋಟೋಗಳು ಸೋನಿಯವು. ಕಿಂಡಿಯೇ ಕಾರಣ. ಎಷ್ಟು ಅಂತ ಎಣಿಸಲಿಲ್ಲ, ಅಳಿಸದೆ ಉಳಿಸಿಕೊಂಡವುಗಳಲ್ಲಿ ಅದರವೇ ಜಾಸ್ತಿ ಇದ್ದವು.

ರಾತ್ರಿ ಭಾವ ಒಂದು ಪಂಥ ಹಾಕಿದರು. ಟಿಝಡ್200ರಲ್ಲಿ 360ಕ್ಕೆ ತೆಗೆದ ಕೊಕ್ಕರೆಯನ್ನು ನಡುವೆ ಕತ್ತರಿಸಿ 720ರಷ್ಟು ಮಾಡೋಣ, ನಿನ್ನ ಸೋನಿಯದರ ಪಕ್ಕ ಇಡೋಣ ಅಂತ. ಅಗಲ ಎತ್ತರ ಎರಡೂ ಅರ್ಧ ಆದರೆ 20 ಮೆಗಾಪಿಕ್ಸೆಲ್ ಹೋಗಿ 5 ಉಳಿಯುತ್ತೆ. ಫೋನಿನಲ್ಲಿ ನೋಡಲು, ಸಣ್ಣ ಪ್ರಿಂಟಿಗೆ ಅದು ಧಾರಾಳ. ಬಿಸಿಲಿನ ಫೋಟೋದಲ್ಲಿ ಸೋನಿ ಚೂರು ಮುಂದೆ, ಗರಿಯ ಅಂಚು ಇನ್ನೂ ಹರಿತ. ನೆರಳಿನ ಫೋಟೋದಲ್ಲಿ ಕತ್ತರಿಸಿದ್ದೇ ಗೆದ್ದಿತು. ಭಾವನ ಮುಖ ಅರಳಿತು. 960ರಷ್ಟು ಕತ್ತರಿಸಿದರೆ ಮೂರು ಮೆಗಾಪಿಕ್ಸೆಲ್ ಕೂಡ ಉಳಿಯುವುದಿಲ್ಲ, ಅಲ್ಲಿ ಕ್ಯಾನನ್‌ಗೆ ಎದುರಿಲ್ಲ.

ಹಾಗಾದರೆ ನಾನು ಏನು ಕೊಂಡೆ? ದುಡ್ಡಿನ ಮಾತಿಲ್ಲದಿದ್ದರೆ ಟಿಝಡ್200. ದೇವಸ್ಥಾನ, ಊಟ, ಮನೆಯವರು, ಸಂಜೆ, ಎಲ್ಲಕ್ಕೂ ಆಗುತ್ತೆ. ಕಿಂಡಿಯೂ ಸೋನಿಯದಕ್ಕಿಂತ ಎಷ್ಟೋ ಸ್ಪಷ್ಟ. ಆದರೆ ಅಮೆರಿಕದಲ್ಲಿ ಬಿಡುಗಡೆಯಾದಾಗಲೇ ಅದು 800 ಡಾಲರ್, ಕ್ಯಾನನ್‌ನ ಎರಡರಷ್ಟು. ಇಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ನನಗೆ ಒಂದೂ ಸಿಗಲಿಲ್ಲ. 2025ರಲ್ಲಿ ಅದೇ ಕಂಪನಿಯ ಹೊಸ ಟಿಝಡ್99 ಬಂದಿದೆ ಅಂತ ಆಸೆಯಿಂದ ನೋಡಿದೆ. ಟೈಪ್ ಸಿ ಚಾರ್ಜಿಂಗ್ ಕೊಟ್ಟಿದ್ದಾರೆ, ಸೆನ್ಸರ್ ಅದೇ ತೊಗರಿಬೇಳೆ, ಕಿಂಡಿಯನ್ನು ತೆಗೆದೇಬಿಟ್ಟಿದ್ದಾರೆ! ಕೈ ನಡುಗದವರು, ಎಡಿಟಿಂಗ್ ತಲೆನೋವು ಬೇಡದವರು, ಹಕ್ಕಿಯೇ ಮುಖ್ಯ ಅನ್ನುವವರು ಕ್ಯಾನನ್ ತಗೊಳ್ಳಿ. ಬ್ಯಾಟರಿ ಮಾತ್ರ ಇನ್ನೊಂದು ಇಟ್ಟುಕೊಳ್ಳಿ, ಕಂಪನಿಯ ಲೆಕ್ಕದಲ್ಲೇ ಒಂದು ಚಾರ್ಜಿಗೆ 265 ಫೋಟೋ.

ನಾನು ಆ ಅಂಗಡಿಯ ಸೋನಿಯನ್ನೇ ಉಳಿಸಿಕೊಂಡೆ. ದುಡ್ಡು ಕೊಡುವ ಮುಂಚೆ ಮೂರು ಕೆಲಸ ಮಾಡಿದೆ. ಜೂಮನ್ನು ಹತ್ತು ಸಲ ಪೂರ್ತಿ ಚಾಚಿ ಒಳಗೆಳೆದು ಕರಕರ ಸದ್ದು ಬರುತ್ತಾ ಅಂತ ಕಿವಿಗೊಟ್ಟೆ. ಪೂರ್ತಿ ಜೂಮ್‌ನಲ್ಲಿ ಬಿಳಿ ಗೋಡೆಯ ಫೋಟೋ ತೆಗೆದು ಬೂದು ಚುಕ್ಕೆ ಇದೆಯಾ ನೋಡಿದೆ, ಚುಕ್ಕೆ ಇದ್ದರೆ ಒಳಗೆ ಧೂಳು ಸೇರಿದೆ ಅಂತ. ಬ್ಯಾಟರಿಯನ್ನು ಮೇಜಿನ ಮೇಲೆ ಮಲಗಿಸಿ ತಿರುಗಿಸಿದೆ, ಉಬ್ಬಿದ್ದರೆ ಬುಗುರಿಯ ಹಾಗೆ ತಿರುಗುತ್ತೆ. ತಿರುಗಲಿಲ್ಲ.

ಸದ್ಯ ಕ್ಯಾಮೆರಾ ನನ್ನ ಹತ್ತಿರ ಇಲ್ಲ. ಅಪ್ಪ ದಿನಾ ಬೆಳಗ್ಗೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುವಾಗ ಅಂಗಿ ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಸಂಬಂಧಿಕರ ಗುಂಪಿನಲ್ಲಿ ಈಗ ದಿನಕ್ಕೊಂದು ಹೆಜ್ಜಾರ್ಲೆ.