ಎರೆ ಮಣ್ಣಿನ ಅಂಗಳಕ್ಕೆ ಯಾವುದು ಸರಿ: ಪ್ಲಾಸ್ಟಿಕ್ ಹುಲ್ಲೋ, ಕರಿಕೆಯೋ, ಕಡಿ ಕಾಲುವೆಯೋ?

ನಮ್ಮ ಮನೆ ಹುಬ್ಬಳ್ಳಿಯಲ್ಲಿ. ಮೊದಲು ಹತ್ತಿ, ಜೋಳ ಬೆಳೆಯುತ್ತಿದ್ದ ಎರೆ (ಕಪ್ಪು ಮಣ್ಣಿನ) ಹೊಲ ಅದು. ಈಗ ಲೇಔಟ್. ಬೇಸಿಗೆಯಲ್ಲಿ ಅಂಗಳದ ಬಿರುಕಿನಲ್ಲಿ ಕೈ ಇಳಿಯುತ್ತದೆ. ಮೃಗಶಿರ ಮಳೆ ನಾಲ್ಕು ದಿನ ಹೊಡೆದರೆ ಅದೇ ಅಂಗಳ ರಾಡಿ. ಕಾಲು ಮೇಲೆ ಬರುತ್ತದೆ, ಚಪ್ಪಲಿ ಅಲ್ಲೇ ಉಳಿಯುತ್ತದೆ.

ಮೂರು ಮಳೆಗಾಲದಲ್ಲಿ ಮೂರು ಉಪಾಯ ನೋಡಿದೆ. ಮುಂದಿನ ಅಂಗಳ 20 ಅಡಿಗೆ 15 ಅಡಿ. ಅದರ ಎಡ ಅರ್ಧಕ್ಕೆ ಪ್ಲಾಸ್ಟಿಕ್ ಹುಲ್ಲು, ಬಲ ಅರ್ಧಕ್ಕೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಹಾಕಿ ಕರಿಕೆ, ಅಂದರೆ ಗರಿಕೆ ಹುಲ್ಲು. ಹಿತ್ತಲಲ್ಲಿ ಕಡಿ (ಜಲ್ಲಿ ಕಲ್ಲು) ತುಂಬಿದ ಕಾಲುವೆ, ಅದರೊಳಗೆ ತೂತಿನ ಪೈಪು.

ಜಾಸ್ತಿ ದುಡ್ಡು ನುಂಗಿದ್ದು ಪ್ಲಾಸ್ಟಿಕ್ ಹುಲ್ಲು. ಕೂಲಿ, ಕಡಿ ಎಲ್ಲ ಸೇರಿ 20,000 ರೂಪಾಯಿ ಹತ್ತಿರ ಹೋಯಿತು. ಕೆಲಸಕ್ಕೆ ಬಂದವರು ಆರು ಇಂಚು ಮಣ್ಣು ತೆಗೆದು, ಕಡಿ ತುಂಬಿ, ದಮ್ಮಸ್ಸು ಮಾಡಿ ಹುಲ್ಲು ಹಾಸಿದರು. 'ಅಡಿಯಲ್ಲಿ ತೂತು ಇವೆ ಸರ್, ಎಷ್ಟು ಮಳೆ ಬಂದರೂ ಇಳಿದು ಹೋಗುತ್ತದೆ' ಎಂದರು. ಸುಳ್ಳಲ್ಲ. ಮೊದಲ ಮಳೆಗೆ ನೀರು ಇಳಿದೇ ಹೋಯಿತು. ಎಲ್ಲಿಗೆ ಹೋಯಿತು ಅಂತ ಕೇಳಲು ನನಗೆ ಹೊಳೆಯಲಿಲ್ಲ, ಅಷ್ಟೇ.

ಮೂರನೇ ಮಳೆಗೆ ನಡೆದರೆ ಪಚಪಚ ಸದ್ದು. ವಾರದಲ್ಲಿ ವಾಸನೆ ಶುರುವಾಯಿತು. ಒಂದು ಮೂಲೆ ಎತ್ತಿ ನೋಡಿದರೆ ಕಡಿಯ ಮೇಲೆ ನೀರು ನಿಂತಿದೆ, ಸೊಳ್ಳೆ ಮರಿ ಕುಣಿಯುತ್ತಿವೆ! ಕೃಷಿ ಹೊಂಡ ತೋಡಿದ ರೈತರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಕೆಂಪು ಮಣ್ಣಿನ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಬೇಕು, ಎರೆ ಮಣ್ಣಿನಲ್ಲಿ ನೀರು ಹಾಗೆಯೇ ನಿಲ್ಲುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬಿತೆಂದರೆ ಅದರ ಸಂದುಗಳೆಲ್ಲ ಮುಚ್ಚಿಕೊಳ್ಳುತ್ತವೆ. ನಾನು ದುಡ್ಡು ಕೊಟ್ಟು ಬಾಗಿಲ ಮುಂದೆ ಒಂದು ಹೊಂಡ ತೋಡಿಸಿ, ಮೇಲೆ ಹಸಿರು ಚಾಪೆ ಹಾಸಿಸಿದ್ದೆ. ಲೆಕ್ಕ ಹಾಕಿದೆ. 150 ಚದರ ಅಡಿ, ಆರು ಇಂಚು ಆಳ. ಕಡಿಯ ಸಂದು ಸುಮಾರು ಶೇ 40 ಅಂದರೆ 850 ಲೀಟರ್ ನೀರು ಹಿಡಿಯುತ್ತದೆ. ಹೊರಗೆ ಹೋಗಲು ದಾರಿ ಇಲ್ಲ.

ಬಿಸಿಲಿನ ಕಥೆ ಬೇರೆ. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲು ಇಡಲಾಗಲಿಲ್ಲ. ಪಕ್ಕದ ಕರಿಕೆಯ ಮೇಲೆ ಆರಾಮಾಗಿ ನಿಲ್ಲಬಹುದಿತ್ತು.

ಕರಿಕೆಗೆ ಖರ್ಚಾದದ್ದು ಸುಮಾರು 4,000. ಇಲ್ಲಿ ಗುಂಡಿ ತೋಡಲಿಲ್ಲ, ಮೇಲೆ ನಾಲ್ಕು ಇಂಚು ಗರಸು ಏರಿಸಿ ಗೇಟಿನ ಕಡೆ ಇಳಿಜಾರು ಕೊಟ್ಟೆ. ಗುಟ್ಟೆಲ್ಲ ಅದರಲ್ಲೇ ಇದೆ. ನೀರು ಇಂಗುವುದನ್ನು ಕಾಯದೆ ಮೇಲಿಂದಲೇ ಜಾರಿ ಹೋಯಿತು. ಆದರೆ ಎರಡು ತಿಂಗಳು ಯಾರೂ ತುಳಿಯುವಂತಿಲ್ಲ, ಬೇಸಿಗೆಯಲ್ಲಿ ನೀರು ಬೇಕು, ಮಾವಿನ ನೆರಳಲ್ಲಿ ಇವತ್ತಿಗೂ ಬೋಳು. ಮೊದಲು ಒಂದು ಮೂಲೆಯಲ್ಲಿ ಮಣ್ಣಿಗೆ ಸ್ವಲ್ಪ ಮರಳು ಬೆರೆಸಿ ನೋಡಿದ್ದೆ. ಅದು ಬೇಸಿಗೆಗೆ ಇಟ್ಟಿಗೆಯಾಯಿತು. ಜಿಪ್ಸಂ ಹಾಕು ಎಂದವರೂ ಇದ್ದರು. ಅದು ಸೋಡಿಯಂ ಜಾಸ್ತಿ ಇರುವ ಮಣ್ಣಿಗೆ ಮದ್ದು. ಎಲ್ಲ ಎರೆಗೂ ಸುಮ್ನೆ ಸುರಿಯುವುದಲ್ಲ.

ಹಿತ್ತಲ ಕಾಲುವೆ ನೋಡಲು ಏನೂ ಇಲ್ಲ. 30 ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಆಳ. ನಾಲ್ಕು ಇಂಚಿನ ಪೈಪು, ತೂತು ಕೆಳಮುಖ. ನೂರು ಅಡಿಗೆ ಒಂದು ಅಡಿ ಇಳಿಜಾರು, ಕೊನೆ ರಸ್ತೆ ಬದಿಯ ಮಳೆನೀರಿನ ಗಟಾರಕ್ಕೆ. ಮೊದಲ ವರ್ಷ ಬಟ್ಟೆ ಸುತ್ತದೆ ಹಾಕಿ ತಪ್ಪು ಮಾಡಿದೆ. ಒಂದೇ ಮಳೆಗಾಲಕ್ಕೆ ಕೆಸರು ಕೂತು ಕಟ್ಟಿಕೊಂಡಿತು. ಎರಡನೇ ಸಲ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯಲ್ಲಿ ಕಡಿಯನ್ನೂ ಸುತ್ತಿದೆ. ಅಂದಿನಿಂದ ಹಿತ್ತಲಲ್ಲಿ ನೀರು ಒಂದು ರಾತ್ರಿಗಿಂತ ಹೆಚ್ಚು ನಿಂತಿಲ್ಲ. ಎರಡು ಸಲ ಮಾಡಿದ್ದು ಸೇರಿ 11,000. ಗಟಾರ ನಿಮ್ಮ ಅಂಗಳಕ್ಕಿಂತ ಮೇಲಿದ್ದರೆ ಮಾತ್ರ ಇದು ದಂಡ.

ಇಷ್ಟೆಲ್ಲ ಆದಮೇಲೆ ಒಂದು ಮಳೆ ದಿನ ಕೊಡೆ ಹಿಡಿದು ಸುಮ್ನೆ ನಿಂತು ನೋಡಿದೆ. ಮುಂದಿನ ಅಂಗಳ ಕೆಡಿಸುತ್ತಿದ್ದದ್ದು ಮುಗಿಲಿನ ನೀರಲ್ಲ, ಮಾಳಿಗೆಯ ಪೈಪಿನ ನೀರು! ಸಾವಿರ ಚದರ ಅಡಿ ಮಾಳಿಗೆ. 30 ಮಿಲಿಮೀಟರ್ ಮಳೆಗೆ ಹೆಚ್ಚುಕಡಿಮೆ 2,800 ಲೀಟರ್ ಒಂದೇ ಮೂಲೆಗೆ ಬೀಳುತ್ತಿತ್ತು, ಅದೂ ಗೋಡೆಯ ಬುಡಕ್ಕೆ. ಎರೆ ಮಣ್ಣಿನಲ್ಲಿ ಬುನಾದಿ ಪಕ್ಕ ಮಣ್ಣು ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿದರೆ ಗೋಡೆ ಸೀಳುತ್ತದೆ. ನಮ್ಮ ಅಡುಗೆಮನೆ ಕಿಟಕಿಯ ಮೇಲಿನ ಓರೆ ಗೆರೆ ಅದರದೇ ಕೆಲಸ ಅಂತ ನನ್ನ ಅನುಮಾನ. ಆ ನೀರಿಗೆ ಬೇರೆ ಪೈಪು, ತೂತಿಲ್ಲದ್ದು, ಹಾಕಿ ನೇರ ಹೊರಗೆ ಬಿಟ್ಟೆ. 3,000 ರೂಪಾಯಿ. ಅರ್ಧ ರಾಡಿ ಅಲ್ಲಿಗೇ ಹೋಯಿತು. ಒಂದೇ ಕೆಲಸಕ್ಕೆ ದುಡ್ಡಿದ್ದರೆ ನಾನು ಇದನ್ನೇ ಮಾಡು ಅನ್ನುತ್ತೇನೆ.

ಪ್ಲಾಸ್ಟಿಕ್ ಹುಲ್ಲನ್ನು ಕಿತ್ತು ಎಸೆಯಲಿಲ್ಲ. ಮಕ್ಕಳಿಗೆ ಅದು ಇಷ್ಟ, ಕಾಲಿಗೆ ಕೆಸರಿಲ್ಲ ಅಲ್ವಾ. ಸುತ್ತಿ ಎತ್ತಿಟ್ಟು, ಕಡಿಯ ಕೆಳಗೆ ಬಟ್ಟೆ ಹಾಸಿ, ತಳಕ್ಕೆ ಇಳಿಜಾರು ಕೊಟ್ಟು, ತಗ್ಗಿನ ಅಂಚಿನಲ್ಲಿ ತೂತಿನ ಪೈಪು ಕೂಡಿಸಿ ಮತ್ತೆ ಹಾಸಿದೆ. ಈಗ ವಾಸನೆ ಇಲ್ಲ. ರೋಹಿಣಿ ಮಳೆಗೆ ಮುಂಚೆ ಪೈಪಿನ ಬಾಯಿಗೆ ಕೋಲು ಹಾಕಿ ಕಸ ತೆಗೆಯುತ್ತೇನೆ. ಹೋದ ವರ್ಷ ಅದರಲ್ಲಿ ಒಂದು ಕ್ರಿಕೆಟ್ ಚೆಂಡು, ಎರಡು ಕಪ್ಪೆ ಸಿಕ್ಕವು.