ನಾಲ್ಕು ವರ್ಷ ಬಳಸಿದ ಬುಕಿಂಗ್ ಆ್ಯಪ್: ರಿಫಂಡ್ ಜಗಳ ಬಂದಾಗ ಅದು ಯಾರ ಕಡೆ?

ಸ್ಟಾರ್: 5ಕ್ಕೆ 3
ಬಳಸುತ್ತಿರುವುದು: 2021ರ ನವೆಂಬರ್‌ನಿಂದ, ಮನೆ ಬಾಡಿಗೆಗೆ ಕೊಡುವವಳಾಗಿ

ಉಳಿಯಲು ಬರುವವರು ಇಂಥ ಆ್ಯಪ್ ಬಗ್ಗೆ ಬರೆದದ್ದು ಬೇಕಾದಷ್ಟು ಸಿಗುತ್ತದೆ. ಮನೆ ಕೊಡುವವರು ಬರೆದದ್ದು ನನಗಂತೂ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಆ್ಯಪ್ ಹೆಸರು ಹಾಕುವುದಿಲ್ಲ, ನಾಳೆ ಬೆಳಗ್ಗೆಯೂ ಅದರಲ್ಲೇ ಬುಕಿಂಗ್ ಬರಬೇಕು ನೋಡಿ.

ನಮ್ಮ ಮನೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ. ನಿಮಿಷಾಂಬ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಮಾವನವರ ಕಾಲದ ಮನೆ, ಕೆಂಪು ಗಾರೆ ನೆಲ. ಹಿಂದಿನ ಎರಡು ಕೋಣೆಗೆ ಬಾತ್‌ರೂಮ್ ಕಟ್ಟಿಸಿ ಹೋಮ್‌ಸ್ಟೇ ಮಾಡಿದೆವು. ಅಡುಗೆ ಅತ್ತೆಯದು, ಫೋನ್ ನನ್ನದು, ತೋಟ ಗದ್ದೆ ನಮ್ಮ ಯಜಮಾನರದು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ದುಡ್ಡು ಸರಿಯಾಗಿ ಬರುತ್ತದೆ. ಗೆಸ್ಟ್ ಬಂದ ಮಾರನೇ ದಿನ ಬ್ಯಾಂಕಿಗೆ ಬೀಳುತ್ತದೆ, ಒಂದು ಸಲವೂ ತಪ್ಪಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲೆ ಶನಿವಾರ ಭಾನುವಾರ ಕೋಣೆ ಖಾಲಿ ಇರುವುದೇ ಕಡಿಮೆ. ಆ ಜನರನ್ನೆಲ್ಲ ನಾನು ಎಲ್ಲಿಂದ ಹುಡುಕಿ ತರಲಿ? ಕಮಿಷನ್ ಜಾಸ್ತಿ ಅಂತ ಗೊಣಗುತ್ತೇನೆ, ಆದರೂ ಕೊಡುತ್ತೇನೆ.

ತೊಂದರೆ ಇರುವುದು ದೂರು ಬಂದಾಗ.

ಜಿರಲೆ ಕಥೆ ಹೇಳಲೇಬೇಕು. 2023ರ ಮೇ ತಿಂಗಳು. ಒಂದು ಕುಟುಂಬ, ಎರಡು ಕೋಣೆ, ಎರಡು ರಾತ್ರಿ, ಒಟ್ಟು 9,600 ರೂಪಾಯಿ. ಬಂದ ದಿನ ಅತ್ತೆ ಮಾಡಿದ ಉಪ್ಸಾರು ಮುದ್ದೆ ಎರಡೆರಡು ಸಲ ಬಡಿಸಿಕೊಂಡು ತಿಂದರು. ಖಾರ ಅರೆದದ್ದು ಹೇಗೆ ಅಂತ ಕೇಳಿ ಬರೆದುಕೊಂಡರು. ಹೊರಡುವಾಗ ಮಕ್ಕಳು ಅತ್ತೆಯ ಕಾಲಿಗೂ ಬಿದ್ದವು. ಅವರ ಕಾರು ಹೆದ್ದಾರಿ ಮುಟ್ಟಿತೋ ಇಲ್ಲವೋ, 11.40ಕ್ಕೆ ನನ್ನ ಫೋನಿಗೆ ಮೆಸೇಜ್. ಮನೆ ಗಲೀಜು, ಪೂರ್ತಿ ದುಡ್ಡು ವಾಪಸ್ ಬೇಕು. ಜೊತೆಗೆ ಮೂರು ಫೋಟೋ. ಮೂರನೆಯದರಲ್ಲಿ ಒಂದು ದಪ್ಪ ಜಿರಲೆ.

ನನಗೆ ಕೈಕಾಲು ನಡುಗಿತು. ಅತ್ತೆಗೆ ಹೇಳಲೂ ಆಗಲಿಲ್ಲ. ಕ್ಷಮಿಸಿ ಅಂತ ಟೈಪ್ ಮಾಡುತ್ತಾ ಕೂತಿದ್ದೆ. ಊಟಕ್ಕೆ ಬಂದ ಯಜಮಾನರು ಫೋನ್ ಕಿತ್ತುಕೊಂಡು ಫೋಟೋ ದೊಡ್ಡದು ಮಾಡಿ ನೋಡಿದರು.

"ಇದು ನಮ್ಮನೇನಾ?" ಅಂದರು.

ಜಿರಲೆ ಕೂತಿದ್ದದ್ದು ಬಿಳಿ ಟೈಲ್ಸ್ ಮೇಲೆ. ನಮ್ಮ ಇಡೀ ಮನೆಯಲ್ಲಿ ಒಂದೇ ಒಂದು ಬಿಳಿ ಟೈಲ್ಸ್ ಇಲ್ಲ. ಕೋಣೆಗೆ ಕೆಂಪು ಗಾರೆ, ಬಾತ್‌ರೂಮಿಗೆ ಕಡಪ ಕಲ್ಲು. ಯಾವ ಊರಿನ ಜಿರಲೆಯೋ ಏನೋ, ನಮ್ಮ ತಲೆಗೆ ಕಟ್ಟಿದ್ದರು.

ಸತ್ಯ ಕೈಯಲ್ಲಿದೆಯಲ್ಲ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಅಂದುಕೊಂಡೆ. ಆರು ದಿನ ಹಿಡಿಯಿತು. ಚಾಟ್‌ನಲ್ಲಿ ಮೂರು ಜನ ಬದಲಾದರು, ಮೂವರಿಗೂ ಮೊದಲಿನಿಂದ ಹೇಳಬೇಕು. ಒಬ್ಬರಂತೂ "ನಿಮ್ಮ ವಾಸ್ತವ್ಯ ಚೆನ್ನಾಗಿರಲಿಲ್ಲ ಎಂದು ತಿಳಿದು ವಿಷಾದವಾಯಿತು" ಅಂತ ನನಗೇ ಇಂಗ್ಲಿಷಿನಲ್ಲಿ ಕಳಿಸಿದರು. ಅಮ್ಮಾ, ನಾನು ಇಲ್ಲೇ ಇರುವವಳು! ಅಷ್ಟರಲ್ಲಿ ಮುಂದಿನ ಬುಕಿಂಗ್ ದುಡ್ಡಿನಲ್ಲಿ 4,800 ಹಿಡಿದುಕೊಂಡಿದ್ದರು. ನಾಲ್ಕನೆಯವರು ಮಾತ್ರ ಬುದ್ಧಿವಂತರು. 2021ರಲ್ಲಿ ನಾನು ಹಾಕಿದ್ದ ಫೋಟೋ ತೆಗೆದು ಇದರ ಪಕ್ಕ ಇಟ್ಟು ನೋಡಿದರು. ದುಡ್ಡು ವಾಪಸ್ ಬಂತು.

ಆದರೆ ವಿಮರ್ಶೆ ಹೋಗಲಿಲ್ಲ. ಒಂದು ಸ್ಟಾರ್, "ಹುಳ ಹುಪ್ಪಟೆ ಜಾಸ್ತಿ". ಅದು ಅತಿಥಿಯ ಅಭಿಪ್ರಾಯ, ತೆಗೆಯಲು ಬರುವುದಿಲ್ಲ, ಬೇಕಾದರೆ ಕೆಳಗೆ ಉತ್ತರ ಬರೆಯಿರಿ ಅಂದರು. ಸುಳ್ಳು ಅಂತ ತಾವೇ ಒಪ್ಪಿ ದುಡ್ಡು ಕೊಟ್ಟ ಮೇಲೂ ಅದು ಅಭಿಪ್ರಾಯವಂತೆ! ಒಂದು ಸ್ಟಾರ್ ನಾನು ಕಿತ್ತುಕೊಂಡಿರುವುದು ಇದೊಂದಕ್ಕೇ.

ಉತ್ತರ ಮೊದಲು ಬರೆದಾಗ ಮೂವತ್ತು ಸಾಲು ಇತ್ತು, ಓದಿದವರು ನಮ್ಮ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಎದ್ದು ಎಲ್ಲ ಅಳಿಸಿ ಇಷ್ಟು ಹಾಕಿದೆ: "ನಮ್ಮ ಮನೆ ನೆಲ ಕೆಂಪು ಗಾರೆ. ನೀವು ಕಳಿಸಿದ ಫೋಟೋದಲ್ಲಿ ಬಿಳಿ ಟೈಲ್ಸ್ ಇದೆ. ಉಪ್ಸಾರು ಇಷ್ಟವಾದದ್ದಕ್ಕೆ ಸಂತೋಷ." ಈಗ ಬರುವವರಲ್ಲಿ ಕೆಲವರು ಬಾಗಿಲಲ್ಲೇ ನಿಂತು ನೆಲ ನೋಡಿ ನಗುತ್ತಾರೆ.

ಎಲ್ಲ ದೂರೂ ಸುಳ್ಳು ಅಂತ ಹೇಳಿದರೆ ತಪ್ಪಾಗುತ್ತದೆ. 2022ರ ಮಳೆಗಾಲದಲ್ಲಿ ಒಬ್ಬರು ಬಿಸಿನೀರು ಬರಲಿಲ್ಲ ಅಂತ ಅರ್ಧ ದುಡ್ಡು ಕೇಳಿದರು. ನಮ್ಮದು ಸೋಲಾರ್. ಮೂರು ದಿನದಿಂದ ಬಿಸಿಲೇ ಇರಲಿಲ್ಲ, ನಾನೇನು ಮಾಡಲಿ ಅಂತ ವಾದ ಮಾಡಿದೆ. ಆ್ಯಪ್‌ನವರು ಅವರಿಗೇ ಅರ್ಧ ಕೊಟ್ಟರು. ಒಂದು ವಾರ ಕಂಡಕಂಡವರ ಹತ್ತಿರ ಬೈದುಕೊಂಡು ಓಡಾಡಿದೆ. ಕೊನೆಗೆ ಯಜಮಾನರೇ, "24 ಗಂಟೆ ಬಿಸಿನೀರು ಅಂತ ಬರೆದದ್ದು ನೀನೇ ಅಲ್ವಾ?" ಅಂದರು. ಹೌದು, ನಾನೇ. ಅದೇ ವಾರ ಗೀಸರ್ ಹಾಕಿಸಿದೆವು.

ಅಲ್ಲಿಂದ ಒಂದು ಅಭ್ಯಾಸ ಮಾಡಿಕೊಂಡೆ. ನ್ಯಾಯದ ದೂರು ಅನಿಸಿದರೆ ಆ್ಯಪ್‌ನವರು ಬಾಯಿ ಬಿಡುವ ಮೊದಲೇ ಇಷ್ಟು ವಾಪಸ್ ಕೊಡುತ್ತೇನೆ ಅಂತ ನಾನೇ ಹೇಳಿಬಿಡುತ್ತೇನೆ. ಒಂದು ರಾತ್ರಿ ಇನ್ವರ್ಟರ್ ಕೈಕೊಟ್ಟಾಗ 500 ಕೊಟ್ಟೆ. ಅವರು ಐದು ಸ್ಟಾರ್ ಕೊಟ್ಟು ಹೋದರು.

ಮೂರನೆಯ ಜಾತಿಯ ದೂರು ಒಂದಿದೆ. ಸುಳ್ಳೂ ಅಲ್ಲ, ನಮ್ಮ ತಪ್ಪೂ ಅಲ್ಲ. 2024ರ ಜುಲೈ ಕೊನೆಯಲ್ಲಿ ಕನ್ನಂಬಾಡಿ ಕಟ್ಟೆ ತುಂಬಿ ಒಂದು ಲಕ್ಷ ಕ್ಯೂಸೆಕ್‌ಗಿಂತ ಹೆಚ್ಚು ನೀರು ಬಿಟ್ಟರು. ಹಾಗೆ ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ನಮ್ಮ ಗೆಸ್ಟ್ "ದೋಣಿ ವಿಹಾರ ಸಿಗಲಿಲ್ಲ, ಕೋಣೆ ಬಾಡಿಗೆ ವಾಪಸ್ ಕೊಡಿ" ಅಂದರು. ಕಾವೇರಿ ನನ್ನ ಮಾತು ಕೇಳುವುದಿಲ್ಲ ಸ್ವಾಮಿ. ಇನ್ನೊಬ್ಬರು ಮಂಗಳವಾರ ಮೈಸೂರು ಮೃಗಾಲಯಕ್ಕೆ ಹೋದರು. ಮಂಗಳವಾರ ಅದಕ್ಕೆ ವಾರದ ರಜೆ. ಸಂಜೆ ಅರಮನೆಗೆ ಹೋದರೆ ಫೋಟೋದಲ್ಲಿ ಕಂಡಂತೆ ದೀಪ ಉರಿಯುತ್ತಿರಲಿಲ್ಲ. ಅದು ಭಾನುವಾರ, ಸರ್ಕಾರಿ ರಜೆ, ದಸರಾ ದಿನಗಳ ವೈಭವ. ಎರಡಕ್ಕೂ ಸೇರಿಸಿ ನನ್ನಿಂದ ಎರಡು ಸಾವಿರ ಕೇಳಿದರು. ಇಂಥವುಗಳಲ್ಲಿ ಆ್ಯಪ್ ನನ್ನ ಪರವೇ ನಿಂತಿತು, ಅದೂ ಬೇಗ. ಮನೆಗೆ ಸಂಬಂಧವಿಲ್ಲದ ದೂರಿಗೆ ರಿಫಂಡ್ ಇಲ್ಲ ಅಂತ ಅವರ ನಿಯಮದಲ್ಲೇ ಇದೆ. ಆದರೂ ಈಗ ಬುಕಿಂಗ್ ಆದ ತಕ್ಷಣ ಒಂದು ಮೆಸೇಜ್ ಹೋಗುತ್ತದೆ: ಮೃಗಾಲಯದ ರಜೆ, ಅರಮನೆ ದೀಪದ ದಿನ, ಮಳೆಗಾಲದಲ್ಲಿ ದೋಣಿ ಇರಲಿಕ್ಕಿಲ್ಲ, ಮೊದಲ ಮಳೆಗೆ ದೀಪಕ್ಕೆ ರೆಕ್ಕೆ ಹುಳ ಮುತ್ತುತ್ತವೆ, ಪಕ್ಕದ ಆಲೆಮನೆ ನಡೆಯುವಾಗ ಹೊಗೆ ಬರುತ್ತದೆ. ಆಲೆಮನೆ ಹೊಗೆ ಅಂತ ಮೂಗು ಮುಚ್ಚಿದವರೇ ಬಿಸಿ ಬೆಲ್ಲ ಕೊಟ್ಟರೆ ಬೆರಳು ಚೀಪುತ್ತಾರೆ, ಅದು ಬೇರೆ ಮಾತು.

ಬೆದರಿಕೆ ಹಾಕುವವರ ವಿಷಯಕ್ಕೆ ಬರುತ್ತೇನೆ. "ಸಾವಿರ ವಾಪಸ್ ಕೊಡಿ, ಇಲ್ಲವಾದರೆ ಒಂದು ಸ್ಟಾರ್ ಹಾಕುತ್ತೇನೆ." ಇದು ಎರಡು ಸಲ ಆಗಿದೆ. ಮೊದಲ ಸಲ ಫೋನಿನಲ್ಲಿ ಹೇಳಿದರು. ಸಾಕ್ಷಿ ಇಲ್ಲ, ಒಂದು ಸ್ಟಾರ್ ಬಿತ್ತು, ಇವತ್ತಿಗೂ ಇದೆ. ಎರಡನೇ ಸಲ ಫೋನ್ ಬಂದಾಗ ನಾನು, "ಸರ್, ಸಿಗ್ನಲ್ ಸರಿ ಇಲ್ಲ, ಆ್ಯಪ್ ಚಾಟ್‌ನಲ್ಲೇ ಹಾಕಿ" ಅಂದೆ. ಪುಣ್ಯಾತ್ಮ ಹಾಕಿದರು, ಅದೂ ಅಕ್ಷರಕ್ಕೆ ಅಕ್ಷರ. ಅವರ ವಿಮರ್ಶೆ ಎರಡೇ ದಿನದಲ್ಲಿ ಮಾಯ. ಅಲ್ಲಿಂದ ವಾಟ್ಸಾಪ್‌ನಲ್ಲಿ ದಾರಿ ಮಾತ್ರ ಹೇಳುತ್ತೇನೆ, ದುಡ್ಡಿನ ಮಾತು ಆಡುವುದಿಲ್ಲ.

ಕನ್ಸ್ಯೂಮರ್ ಕೋರ್ಟಿಗೆ ಹೋಗುತ್ತೇನೆ ಅಂದವರೂ ಇದ್ದಾರೆ. ಸುಮ್ನೆ ಹೆದರಿಸುತ್ತಾರೆ ಅಂತ ನಗಬೇಡಿ. ಪರಿಚಯದ ವಕೀಲರನ್ನು ಕೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಅಂದರೆ ಯಾರು ಬೇಕಾದರೂ ಹಾಕಬಹುದು. ಅದಕ್ಕೇ ಈಗ ಪ್ರತಿ ಗೆಸ್ಟ್ ಬರುವ ಮೊದಲು ಎರಡೂ ಕೋಣೆಯ ವಿಡಿಯೋ ಮಾಡುತ್ತೇನೆ. ಮಂಚದ ಕೆಳಗೆ, ಬಾತ್‌ರೂಮ್ ಮೂಲೆ, ನಲ್ಲಿ ತಿರುಗಿಸಿ ಬಿಸಿನೀರು ಬರುವುದು, ಎಲ್ಲ ಸೇರಿ ಒಂದೂವರೆ ನಿಮಿಷ. ಎರಡು ವರ್ಷ ಅಳಿಸುವುದಿಲ್ಲ. ಕೆಲಸಕ್ಕೆ ಬರುವ ಅಕ್ಕ ಮೊದಮೊದಲು ನಾಚುತ್ತಿದ್ದರು. ಈಗ ಅವರೇ, "ಅಕ್ಕಾ, ಈ ಮೂಲೆ ತಗೊಂಡಿಲ್ಲ ನೀವು" ಅನ್ನುತ್ತಾರೆ.

ಇನ್ನೊಂದು ಸ್ಟಾರ್ ಯಾಕೆ ಕಿತ್ತೆ ಅಂದರೆ ಭಾಷೆಗೆ. ಗೆಸ್ಟ್‌ಗೆ ದೂರು ಹೇಳಲು 72 ಗಂಟೆ, ನನಗೆ ಉತ್ತರ ಕೊಡಲು 24. ಅದೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕನ್ನಡದಲ್ಲಿ ಬರೆದರೆ ಅನುವಾದದ ಯಂತ್ರಕ್ಕೆ ಹಾಕುತ್ತಾರೋ ಏನೋ. "ಗಾರೆ ನೆಲ" ಅಂತ ಬರೆದದ್ದಕ್ಕೆ "ನಿಮ್ಮ ನೆಲದ ದುರಸ್ತಿ ಯಾವಾಗ ಮುಗಿಯುತ್ತದೆ?" ಅಂತ ಕೇಳಿದ್ದಾರೆ. ನನ್ನ ಮಗಳು ಊರಿನಲ್ಲಿ ಇಲ್ಲದಿದ್ದಾಗ ದೂರು ಬರಬಾರದು ಅಂತ ನಿಮಿಷಾಂಬ ತಾಯಿಗೆ ಕೈ ಮುಗಿಯುತ್ತೇನೆ.

ಆ್ಯಪ್ ಬಿಡುತ್ತೇನಾ? ಇಲ್ಲ. ಕೋಣೆ ತುಂಬಿಸುವುದು ಅದೇ.

ಇದನ್ನು ಬರೆಯುವಾಗಲೂ ಒಂದು ದೂರು ತೆರೆದೇ ಇದೆ. ಹೋದ ಶನಿವಾರ ಬಂದಿದ್ದ ದಂಪತಿ ಬೆಳಗ್ಗೆ ಐದೂವರೆಗೆ ತೋಟದಲ್ಲಿ ನವಿಲು ಕೂಗಿ ನಿದ್ದೆ ಕೆಟ್ಟಿತು ಅಂತ ಅರ್ಧ ದುಡ್ಡು ಕೇಳಿದ್ದಾರೆ. ನವಿಲು ಇರುವ ವಿಷಯ ಮೊದಲೇ ತಿಳಿಸಿದ್ದಕ್ಕೆ ಪುರಾವೆ ಕಳಿಸಿ ಅಂತ ಆ್ಯಪ್‌ನವರು ನಿನ್ನೆ ಕೇಳಿದರು. ಲಿಸ್ಟಿಂಗ್‌ನ ಎರಡನೇ ಫೋಟೋ ಕಳಿಸಿದ್ದೇನೆ. ಕಾಂಪೌಂಡ್ ಮೇಲೆ ಕೂತಿರುವ ನವಿಲಿನದು. ಅದನ್ನು ನೋಡಿಯೇ ಬುಕ್ ಮಾಡಿದೆವು ಅಂತ ಆ ಹುಡುಗಿಯೇ ಚಾಟ್‌ನಲ್ಲಿ ಬರೆದಿದ್ದಳು, ಅದನ್ನೂ ಸೇರಿಸಿದ್ದೇನೆ.